ಹರಕು ಸೀರೆ ಕಡ ತಂದ ಹನಮಂತವ್ವ

ಕೊರ್ಲಹಳ್ಳಿಯ ಹನಮಂತವ್ವನ ಮೊಣಕೈ ಮೇಲೆ ಚಿವುಟಿದರೂ ತಿಳಿಯದ ಮಚ್ಚೆಯೊಂದು ಕಾಣಿಸಿದಾಗ ಗಂಡನ ಮನೆಯವರು ಅವಳ ತಾಟು, ಚರಿಗೆ ಬೇರೆ ಇಟ್ಟರು. ಆಮೇಲೆ ಅವಳನ್ನೇ ಬೇರೆ ಇಟ್ಟರು. ಬೆಟಗೇರಿಯ ಸಣ್ಣದೊಂದು ಕ್ರೈಸ್ತ ಸಂಸ್ಥೆ ಕುಷ್ಠಕ್ಕೆ ಮದ್ದು ಕೊಟ್ಟು ಗುಣಪಡಿಸಿ, ಹೊಲಿಗೆ ಕಲಿಸಿ, ಒಂದು ಮಷಿನ್ನೂ ಕೊಟ್ಟು ಕಳಿಸಿತು.

ಅವಳು ಮುಂಡರಗಿಯಲ್ಲಿ ಬಾಡಿಗೆ ಕೋಣೆ ಹಿಡಿದಳು. ಮೊದಮೊದಲು ಅವಳು ಮುಟ್ಟಿದ ಬಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಆದರೆ ಅವಳು ಹೊಲಿದ ಕುಪ್ಪಸ ಮೈಗೆ ಕೂಡುವಷ್ಟು ಚಂದ ಬೇರೆಯವರದು ಕೂಡುತ್ತಿರಲಿಲ್ಲ. ಓಣಿಯ ಹೆಂಗಸರು ರೋಗವನ್ನು ಮೆಲ್ಲಗೆ ಮರೆತರು.

ಎಂಬತ್ತೊಂದರ ಬೇಸಿಗೆಯಲ್ಲಿ ಸಂಸ್ಥೆಯ ಪಾದ್ರಿ ಸಮುವೇಲಪ್ಪನವರು ಬಂದರು. ಮಷಿನ್ನುಗಳಿಗೆ ದುಡ್ಡು ಕೊಟ್ಟ ದೊರೆಸಾನಿಯೊಬ್ಬರು ಜರ್ಮನಿಯಿಂದ ಬರುವವರಿದ್ದರು. ಬಡವರನ್ನು ಕಣ್ಣಾರೆ ಕಂಡರೆ ಇನ್ನಷ್ಟು ಮಷಿನ್ ಕೊಡಿಸುವರಂತೆ.

"ಯವ್ವಾ, ಅವತ್ತೊಂದಿನ ಹರಕ ಸೀರಿ ಉಟ್ಕೊಂಡು ಕುಂಡ್ರು."

"ಹರಕ ಸೀರಿ ಎಲ್ಲಿಂದ ತರ್ಲಿ ಸಾಹೇಬರ? ನೀವು ಮಷಿನ್ ಕೊಟ್ಟಮ್ಯಾಲ ಅವೆಲ್ಲಾ ನೆಲಾ ಒರಸೂ ಅರಬಿ ಆದ್ವು. ಬಾಜೂಮನಿ ದೇವವ್ವ ಖರೇನ ಬಡವಿ ಅದಾಳ, ಆಕೀನ್ನ ತೋರಸ್ರಿ."

"ಆಕೀಗೆ ರೋಗ ಬಂದಿಲ್ಲಲ್ಲ! ನಮ್ಮ ನೇಮಕ್ಕ ಕೂಡೂದಿಲ್ಲ."

ಕೂಲಿ ಮಾಡುತ್ತಿದ್ದ ದೇವವ್ವನಿಗೆ ಇದ್ದದ್ದೇ ಒಂದು ಹರಕು ಸೀರೆ. ಅದನ್ನು ಕಡ ತಂದ ಹನಮಂತವ್ವ, ಬದಲಿಗೆ ತನ್ನ ಗಿಳಿಹಸಿರು ಇಳಕಲ್ಲ ಸೀರೆಯನ್ನು ಅವಳಿಗೆ ಉಡಿಸಿದಳು.

ದೊರೆಸಾನಿ ಒಳಗೆ ಬಂದವರೇ, ಬಿಳಿ ಮೋರೆ ನೋಡಲೆಂದು ಬಂದು ಮಷಿನ್ನಿನ ಪಕ್ಕ ನಿಂತಿದ್ದ ದೇವವ್ವನ ಎರಡೂ ಕೈ ಹಿಡಿದು ಕಣ್ಣೀರು ತಂದುಕೊಂಡರು. ತಮ್ಮ ಮಷಿನ್ನಿನಿಂದ ಉದ್ಧಾರವಾದವಳು ಇವಳೇ ಏನು ಎಂದು ಕೇಳಿದರು. ಪಾದ್ರಿಗಳ ಬಾಯಿಂದ ಸತ್ಯವೂ ಹೊರಡಲಿಲ್ಲ, ಸುಳ್ಳೂ ಹೊರಡಲಿಲ್ಲ; ಕೆಮ್ಮು ಹೊರಟಿತು. ಮೂಲೆಯಲ್ಲಿ ಹರಕು ಸೀರೆಯಲ್ಲಿ ಕೂತವಳನ್ನು ತೋರಿಸಿ ದೊರೆಸಾನಿ, "ಈಕೆಗೂ ಒಂದು ಕೊಡಿಸೋಣ" ಎಂದರು.

ಮಳೆಗಾಲಕ್ಕೆ ಹೊಸ ಮಷಿನ್ ಬಂತು. ಹನಮಂತವ್ವ ಅದನ್ನು ದೇವವ್ವನ ಮನೆಯಲ್ಲಿ ಇಳಿಸಿದಳು.

"ಇದು ನಿನ್ನ ಹೆಸರಿಂದೈತಿ," ಎಂದು ಪಾದ್ರಿಗಳು ತಡವರಿಸಿದರು.

"ಹೆಸರು ನಂದ ಇರ್ಲಿ. ತುಳಿಯೂದು ಆಕಿ ತುಳೀಲಿ."

ದೇವವ್ವ ಮೊದಲ ಕುಪ್ಪಸಕ್ಕೆ ತೋಳು ಹಿಂದುಮುಂದಾಗಿ ಹಚ್ಚಿದಳು. ಹನಮಂತವ್ವ ಬೈಯುತ್ತಲೇ ಬಿಚ್ಚಿ ಹೊಲಿಸಿದಳು, ಮತ್ತೆ ಬಿಚ್ಚಿಸಿದಳು. ವರ್ಷದೊಳಗೆ ದೇವವ್ವನ ಕೈ ಪಳಗಿತು.

ಮತ್ತೊಮ್ಮೆ ಪರದೇಶದವರು ಬರುವ ಖಬರು ಹೊತ್ತು ಪಾದ್ರಿಗಳು ಬಂದಾಗ ಲಗ್ನದ ಹಂಗಾಮು. ಹನಮಂತವ್ವ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಕುಂಡ್ರಿ ಸಾಹೇಬರ, ಚಾ ಕುಡೀರಿ. ಈ ತಿಂಗಳು ನಮಗ ಬಡವರಾಗಾಕ ಪುರುಸೊತ್ತಿಲ್ಲ."

ಪಾದ್ರಿಗಳು ಚಹಾ ಕುಡಿದರು. ಹೋಗುವಾಗ ಹೆಂಡತಿಯ ಕುಪ್ಪಸಕ್ಕೆಂದು ತಂದ ಕಣದ ಬಟ್ಟೆ ಕೊಟ್ಟು, ಈಸ್ಟರ್ ಹಬ್ಬಕ್ಕಾದರೂ ಆದೀತೇ ಎಂದು ಮೆತ್ತಗೆ ಕೇಳಿದರು.