ಖಾಲಿ ಮನೆಯಿಂದ ಬಂದ ಕರೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ರಸ್ತೆ ಬದಿಯ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದು, ಅದರ ಮುಂದೆ ಹಳೇ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ ಜಾಯಿಂಟಕ್ಕ. ಒಳಗೆ ನೂರಾರು ಜೋಡಿ ತಂತಿಗಳು; ಒಂದೊಂದು ಜೋಡಿಗೆ ಒಂದೊಂದು ಮನೆ. ಒಂದು ಜೋಡಿಗೆ ಪರೀಕ್ಷೆಯ ಫೋನಿನ ಚಿಮಟ ಕಚ್ಚಿಸಿ, ತುರ್ತು ಸಂಖ್ಯೆ ಒತ್ತಿ, ಎಡಗಿವಿಗೆ ಹಿಡಿಯುತ್ತಾರೆ. "ಪರೀಕ್ಷೆ ಕರೆ ಕಣಮ್ಮ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಪರದೆ ಮೇಲೆ ಯಾವ ಮನೆ ಬಂತು, ಓದು." ಆ ಕಡೆಯ ಹೆಣ್ಣುದನಿ ವಿಳಾಸ ಓದುತ್ತದೆ. ಜಾಯಿಂಟಕ್ಕ ತಂತಿಗೆ ಒಂದು ಸಣ್ಣ ಸದ್ದು ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಆ ಮನೆ ತನಕ ನಡೆದು, ಗೋಡೆಯ ಡಬ್ಬಿಗೆ ಪತ್ತೆಕಡ್ಡಿ ಮುಟ್ಟಿಸಿ ಅದೇ ಸದ್ದು ಅಲ್ಲಿಗೂ ಬಂದಿದೆಯೇ ಎಂದು ಆಲಿಸುತ್ತಾರೆ. ಬಂದಿದ್ದರೆ ಸರಿ, ಮುಂದಿನ ಜೋಡಿ.

ಅಪಾಯದಲ್ಲಿರುವವರು ಫೋನ್ ಎತ್ತಿದರೆ ಕರೆ ನೆಟ್ಟಗೆ ತುರ್ತು ಕೇಂದ್ರದ ಮೇಜಿಗೆ ಹೋಗಬೇಕು, ಅಲ್ಲಿ ಪರದೆಯ ಮೇಲೆ ಮನೆಯ ವಿಳಾಸ ತಾನಾಗಿ ಮೂಡಬೇಕು. ಹಾಗೆ ಮೂಡುವಂತೆ ತಂತಿ ಜೋಡಿಸಿಡುವುದು ಇವರ ಕೆಲಸ; ಜಾಯಿಂಟಕ್ಕ ಎಂಬ ಅಡ್ಡಹೆಸರು ಬಂದದ್ದೂ ಅದರಿಂದಲೇ. ಊರೆಲ್ಲ ಮೊಬೈಲಾದರೂ ಹಳೇ ಬಡಾವಣೆಗಳಲ್ಲಿ ಗೋಡೆ ಫೋನು ಬಿಡದವರು ಬೇಕಾದಷ್ಟು ಮಂದಿ ಇದ್ದಾರೆ. ಆ ಲೈನುಗಳನ್ನೆಲ್ಲ ಈಗ ಕೇಂದ್ರದ ಹೊಸ ವ್ಯವಸ್ಥೆಗೆ ಬದಲಿಸಲಾಗುತ್ತಿದೆ. ಒಳ್ಳೆಯ ದಿನವಾದರೆ ಮೂವತ್ತು ನಲವತ್ತು ಲೈನು ಮುಗಿಯುತ್ತವೆ. ಮಳೆ ಬಂದರೆ ಅದರ ಅರ್ಧ. ಸೈರನ್ ಹಾಕಿಕೊಂಡು ಓಡುವ ಗಾಡಿಗೆ ಎಲ್ಲರೂ ದಾರಿ ಬಿಡುತ್ತಾರೆ. ಪೆಟ್ಟಿಗೆ ಮುಂದೆ ಕೂತ ಹೆಂಗಸನ್ನು ಮಾತ್ರ ದಾರಿಹೋಕರು ನಿಲ್ಲಿಸಿ, ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. "ನಾನೂ ಇನ್ನೇನು ಬಂತು ಅಂತ ಹೇಳಿ ಕಳಿಸ್ತೀನಿ. ಪಾಪ, ಅವರಿಗೂ ಸಮಾಧಾನ."

ಮೊದಲು ಜಾಯಿಂಟಕ್ಕನೂ ಕೇಂದ್ರದಲ್ಲಿ ಕೂತು ಕರೆ ಎತ್ತಿಕೊಳ್ಳುತ್ತಿದ್ದವರೇ. ಒಂದು ದಿನ ಕೆಟ್ಟ ಲೈನಿನಿಂದ ಕೀರಲು ಸದ್ದೊಂದು ನುಗ್ಗಿ ಬಲಗಿವಿ ಹೋಯಿತು. ರಜೆ ಮುಗಿಸಿ ಬರುವ ಹೊತ್ತಿಗೆ ಕುರ್ಚಿ ಬೇರೆಯವರದಾಗಿತ್ತು. ಕೈಗೆ ಇಕ್ಕಳ ಕೊಟ್ಟು ಬೀದಿಗೆ ಕಳಿಸಿದರು. ಗುಂಡಿಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ, ಬೆರಳ ತುದಿಗಳು ಒಡೆದಿವೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡನಿಗೆ ಇದೊಂದು ತಮಾಷೆ. "ಮನೇಲಿ ಕೂಗಿ ಕರೆದ್ರೂ ಇವಳಿಗೆ ಕೇಳ್ಸಲ್ಲ. ಊರಿನವರು ಉಸಿರು ಬಿಟ್ರೆ ಕೇಳ್ಸತ್ತೆ." ಹೇಳುವಾಗ ಅವರು ನಗುತ್ತಾರೆ, ಆದರೆ ಮಾತು ಕಳೆದ ಮಳೆಗಾಲದಲ್ಲಿ ಲೈನಿನಲ್ಲಿ ಕೇಳಿದ ಒಂದು ಉಸಿರಿನದು. ಅದನ್ನು ನೆನೆದರೆ ಜಾಯಿಂಟಕ್ಕನಿಗೆ ಇವತ್ತಿಗೂ ಮೈ ಜುಂ ಎನ್ನುತ್ತದೆ.

ಕೇಂದ್ರದ ಆರನೇ ಮೇಜಿನ ಹುಡುಗಿಗೆ ದಿನಾ ನಸುಕಿನಲ್ಲಿ ಒಂದು ಕರೆ ಬರುತ್ತಿತ್ತು. ಮಾತಿಲ್ಲ. ನೀರು ಗುಳುಗುಳು ಎಂದಂಥ ಉಸಿರು, ನಡುವೆ ಏನನ್ನೋ ಕುಟ್ಟುವ ಸದ್ದು. ಪರದೆಯ ಮೇಲೆ ಮೂಡುತ್ತಿದ್ದುದು ಹಳೇ ಬಡಾವಣೆಯೊಂದರ ರಸ್ತೆ ತಿರುವಿನ ಎರಡಂತಸ್ತಿನ ಮನೆ. ಗಾಡಿ ಹೋದರೆ ಬೀಗ. ಮನೆಯವರು ಪರ ಊರಿಗೆ ಹೋಗಿ ವರ್ಷವಾಗಿದೆ ಎಂದರು ಅಕ್ಕಪಕ್ಕದವರು. ಮೂರನೇ ಸಲ ಗಾಡಿಯವರು ಕೀಲಿಕೈ ತರಿಸಿಕೊಂಡು ಒಳಗೇ ಹೋದರು. ಹುಡುಗಿ ಒಂದು ಕಿವಿಯಲ್ಲಿ ಆ ಉಸಿರನ್ನು, ಇನ್ನೊಂದರಲ್ಲಿ ಗಾಡಿಯವರ ವೈರ್‌ಲೆಸ್ಸನ್ನು ಕೇಳುತ್ತಾ ಕೂತಿದ್ದಳು.

"ಅವರು ಕೋಣೆ ಕೋಣೆ ಬಾಗಿಲು ಬಡೀತಿದ್ರು. ನನ್ನ ಲೈನಲ್ಲಿ ಆ ಸದ್ದೇ ಇಲ್ಲ, ಉಸಿರು ಮಾತ್ರ," ಎನ್ನುತ್ತಾಳೆ ಆಕೆ. "ಫೋನ್ ಸಿಕ್ತು, ಮೇಲೆ ಒಂದಿಂಚು ಧೂಳಿದೆ ಅಂದ್ರು. ಎತ್ತಿ ನೋಡಿದ್ರೆ ಬರೀ ಡಯಲ್ ಟೋನ್. ಅದೇ ಫೋನಿಂದ ನನಗೆ ಕರೆ ಬರ್ತಾನೇ ಇದೆ."

ಗಾಡಿಯವರು ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಹೊರಗೆ ಬಂದರು. ಆ ಮನೆ ಸರಿಯಿಲ್ಲ, ಇನ್ನೊಂದು ಸಲ ಕಳಿಸಬೇಡಿ ಎಂದು ಚಾಲಕ ಕೈಮುಗಿದ. ಮೇಲ್ವಿಚಾರಕರು ದೆವ್ವವನ್ನು ನಂಬುವವರಲ್ಲ, ಆದರೆ ಗಾಡಿಗಳು ಕಡಿಮೆ; ಸುಳ್ಳು ಕರೆಗೆ ಓಡಿದಷ್ಟು ಹೊತ್ತು ನಿಜದ ಕರೆ ಕಾಯಬೇಕು. ಪದೇ ಪದೇ ಸುಳ್ಳು ಕರೆ ಬರುವ ಲೈನಿಗೆ ತಡೆ ಹಾಕುವುದು ನಿಯಮ. ತಡೆ ಬಿದ್ದ ಮೇಲೆ ಆ ಲೈನಿನಿಂದ ಎಷ್ಟು ಸಲ ಒತ್ತಿದರೂ ಕೇಂದ್ರದಲ್ಲಿ ಗಂಟೆ ಬಡಿಯುವುದಿಲ್ಲ. ನಾಳೆ ತಡೆ ಹಾಕಿಬಿಡಿ ಎಂದು ಜಾಯಿಂಟಕ್ಕನಿಗೆ ಹೇಳಿದರು.

ಜಾಯಿಂಟಕ್ಕನ ಮನಸ್ಸು ಒಪ್ಪಲಿಲ್ಲ. "ತಂತಿ ನೆನೆದ್ರೆ ತಾನೇ ಡಯಲ್ ಮಾಡ್ಕೊಳ್ಳತ್ತೆ, ಅದು ನಾವು ಕಂಡಿದ್ದೇ. ಆದ್ರೆ ತಂತಿ ಉಸಿರಾಡಲ್ಲವಲ್ಲ."

ಮರುದಿನ ನಸುಕಿನಲ್ಲಿ ಜಡಿಮಳೆ. ಕೊಡೆಯನ್ನು ಪೆಟ್ಟಿಗೆಗೆ ಕಟ್ಟಿ, ಆ ಜೋಡಿಗೆ ಚಿಮಟ ಕಚ್ಚಿಸಿ ಕಾದರು. ತಿರುವಿನ ಆ ಮನೆ ಎದುರಿಗೇ ಇತ್ತು, ಕಿಟಕಿಗಳೆಲ್ಲ ಮುಚ್ಚಿ. ಅತ್ತ ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅಷ್ಟರಲ್ಲಿ ಲೈನಿನಲ್ಲಿ ಟಿಕ್ ಎಂದು ಸದ್ದಾಗಿ ಕರೆ ಕೇಂದ್ರಕ್ಕೆ ಹೋಯಿತು. ಆರನೇ ಮೇಜಿನ ಹುಡುಗಿ ಎಂದಿನಂತೆ "ನಾನಿದ್ದೀನಿ, ಹೇಳಿ" ಎಂದಳು. ಉತ್ತರವಾಗಿ ಅದೇ ಉಸಿರು, ಎಡಗಿವಿಗೆ ಅಂಟಿಕೊಂಡ ಹಾಗೆ.

ಜಾಯಿಂಟಕ್ಕ ಲೈನಿನ ನಡುವೆ ಮಾತಾಡಿದರು. "ನಾನು ತಂತಿ ಕೆಲಸದವಳು, ತಿರುವಿನ ಎರಡಂತಸ್ತಿನ ಮನೆ ಎದುರು ರಸ್ತೇಲಿದ್ದೀನಿ. ಕೇಳ್ಸಿದ್ರೆ ಒಂದ್ಸಲ ಕುಟ್ಟಿ."

ಟಕ್.

"ಮನೇಲಿ ಬೇರೆ ಯಾರಾದ್ರೂ ಇದಾರಾ? ಇದ್ರೆ ಒಂದು, ಇಲ್ದಿದ್ರೆ ಎರಡು."

ಟಕ್, ಟಕ್.

"ನಿಮ್ಮ ಬಾಗಿಲು ಈ ರಸ್ತೆಗಿದ್ಯಾ?"

ಮತ್ತೆ ಎರಡು. ಖಾಲಿ ಮನೆಯ ಬಾಗಿಲು ರಸ್ತೆಗೇ ಇತ್ತು. ಆಗ ಜಾಯಿಂಟಕ್ಕನಿಗೆ ಹೊಳೆಯಿತು: ಕರೆ ದೆವ್ವದ್ದಲ್ಲ, ವಿಳಾಸ ತಪ್ಪು. ಹಿಂದೆ ಯಾವಾಗಲೋ ರಿಪೇರಿ ಮಾಡಿದವರು ನೆಲದಡಿಯಲ್ಲಿ ಎರಡು ಮನೆಗಳ ಜೋಡಿಗಳನ್ನು ಅದಲು ಬದಲು ಮಾಡಿದ್ದಾರೆ. ಇಷ್ಟು ದಿನ ಗಾಡಿ ಒಂದು ಮನೆಗೆ ಬಂದಿದೆ. ಪ್ರಾಣ ಒದ್ದಾಡಿರುವುದು ಇನ್ನೊಂದು ಮನೆಯಲ್ಲಿ.

"ಗಾಡಿ ಕಳ್ಸು, ಬಯ್ಗುಳ ಬಿದ್ರೆ ನಂಗಿರ್ಲಿ," ಎಂದು ಹುಡುಗಿಗೆ ಹೇಳಿ, ತಂತಿಗೆ ಸದ್ದು ಬಿಟ್ಟರು. "ಕುಯ್ ಅಂತ ಕೇಳ್ಸತ್ತೆ, ಹೆದ್ರಬೇಡಿ, ನಾನೇ ಅದು." ಪತ್ತೆಕಡ್ಡಿ ಹಿಡಿದು ಗೋಡೆ ಗೋಡೆ ಮುಟ್ಟಿಸುತ್ತಾ ನಡೆದರು. ಸದ್ದು ಖಾಲಿ ಮನೆಯನ್ನು ದಾಟಿತು, ಹಿಂದಿನ ಓಣಿಗೆ ತಿರುಗಿತು. ಕಿಸೆಯ ಮೊಬೈಲಿನಲ್ಲಿ ಹುಡುಗಿ ಅಳುವ ದನಿಯಲ್ಲಿ ಹೇಳುತ್ತಿದ್ದಳು: "ಅಕ್ಕ, ಕುಟ್ಟೋದು ನಿಂತೋಯ್ತು. ಉಸಿರೂ ಕೇಳ್ತಿಲ್ಲ."

ಓಣಿಯ ಕೊನೆಯ ಮನೆಯ ಡಬ್ಬಿಯಲ್ಲಿ ಕಡ್ಡಿ ಕುಯ್ ಎಂದಿತು. ಗಾಡಿ ಇಲ್ಲಿಗೆ ಬರಲಿ ಎಂದು ಹುಡುಗಿಗೆ ಕೂಗಿ, ಗುಂಡಿ ಮುಚ್ಚಳ ಎತ್ತುವ ಸಲಾಕೆಯಿಂದ ಬಾಗಿಲು ಮೀಟಿದರು. ಒಳಗೆ ನೆಲದ ಮೇಲೆ ಒಬ್ಬ ಗಂಡಸು, ತುಟಿ ನೀಲಿ, ಕತ್ತಿನಲ್ಲಿ ಉಸಿರಾಟದ ಕೊಳವೆ, ಕೈ ಪಕ್ಕದಲ್ಲಿ ಚಮಚ. ಗಾಡಿಯವರು ಓಡಿಬಂದು, ಕಫ ಕಟ್ಟಿದ್ದ ಕೊಳವೆಯನ್ನು ತೆರವು ಮಾಡಿದರು. ಎದೆ ಒಂದು ಸಲ ಏರಿ ಇಳಿಯಿತು. ಜಾಯಿಂಟಕ್ಕ ಹೊಸ್ತಿಲ ಮೇಲೆ ಕೂತು ಗಳಗಳನೆ ಅತ್ತರು.

ಆತ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಗಂಟಲ ಆಪರೇಷನ್ ಆಗಿ ದನಿ ಹೋಗಿತ್ತು. ರಾತ್ರಿ ಪಾಳಿಗೆ ಹೋಗುವ ಮಗಳು ಕೆಲಸ ಬಿಟ್ಟಾಳೆಂದು, ನಸುಕಿನಲ್ಲಿ ಕೊಳವೆ ಕಟ್ಟುವ, ಕೆಮ್ಮಿ ಕೆಮ್ಮಿ ಹೇಗೋ ಅದನ್ನು ಬಿಡಿಸಿಕೊಳ್ಳುವ ಸಂಗತಿಯನ್ನು ಅವಳಿಗೆ ಹೇಳಿರಲಿಲ್ಲ. ಈಗ ಅವಳಿಗೆ ಹಗಲು ಪಾಳಿ. ಆ ದಿನಗಳ ಬಗ್ಗೆ ಕೇಳಿದರೆ ಆತ ಹಲಗೆಯ ಮೇಲೆ ಬರೆದು ತೋರಿಸುತ್ತಾರೆ: "ಮೊದಲು ಯಾರಾದರೂ ಬರುತ್ತಾರೆ ಅಂತ ಕಾದೆ. ಆಮೇಲೆ ಬರುವುದಿಲ್ಲ ಅಂತ ಗೊತ್ತಾಯಿತು. ಆದರೂ ಆ ಹುಡುಗಿ ನಾನಿದ್ದೀನಿ ಅನ್ನುತ್ತಿದ್ದಳಲ್ಲ, ಅದಕ್ಕೇ ಮಾಡುತ್ತಿದ್ದೆ."

ಕೇಂದ್ರದವರು ಜಾಯಿಂಟಕ್ಕನಿಗೆ ಶಾಲು ಹೊದಿಸಿ ಫೋಟೋ ತೆಗೆದರು. ಫೋಟೋ ಎಲ್ಲಿದೆಯೋ ಅವರಿಗೆ ಗೊತ್ತಿಲ್ಲ. ಅವರ ತಲೆಯಲ್ಲಿರುವುದು ಬೇರೆ. ಹಿಂದೆ ತಡೆ ಬಿದ್ದ ಲೈನುಗಳು ಇನ್ನೂ ಇವೆ. ಬದಲಾವಣೆ ಮುಗಿದ ಮೇಲೆ ಹಳೇ ಪೆಟ್ಟಿಗೆಗಳು ಗುಜರಿಗೆ ಹೋಗುತ್ತವೆ. ಅಷ್ಟರೊಳಗೆ ಅವುಗಳ ಜಾಡು ಹಿಡಿಯಲು ಬಿಡಿ ಎಂದು ಕೇಳಿದ್ದಾರೆ. ಮೇಲ್ವಿಚಾರಕರು ಹ್ಞೂಂ ಎಂದಿಲ್ಲ, ಉಹ್ಞೂಂ ಎಂದೂ ಇಲ್ಲ. ರಜೆಯ ದಿನಗಳಲ್ಲಿ ಜಾಯಿಂಟಕ್ಕ ಒಬ್ಬರೇ ಶುರುಮಾಡಿಕೊಂಡಿದ್ದಾರೆ.

"ಅಲ್ಲೆಲ್ಲ ಗಾಡಿ ಹೋಗಿತ್ತು, ಯಾರೂ ಇರ್ಲಿಲ್ಲ ಅಂತಾರೆ. ಗಾಡಿ ಹೋಗಿದ್ದು ಪರದೆ ಹೇಳಿದ ಮನೆಗೆ. ಕರೆ ಬಂದಿದ್ದು ಯಾವ ಮನೆಯಿಂದ ಅಂತ ಯಾರು ನೋಡಿದಾರೆ?" ಪೆಟ್ಟಿಗೆಯ ಬಾಗಿಲು ಮುಚ್ಚಿ ಕೈ ಒರೆಸಿಕೊಳ್ಳುತ್ತಾರೆ. "ಕೆಲವು ಲೈನಲ್ಲಿ ಈಗ ಏನೂ ಕೇಳ್ಸಲ್ಲ. ತಡ ಆಗಿರ್ಬಹುದು. ಆದ್ರೂ ಹೋಗಿ ಬಾಗಿಲು ತಟ್ತೀನಿ."