ಲಾಗ್ ಪುಸ್ತಕದಲ್ಲಿಲ್ಲದ ಹೆಸರು

ಕೊಳ್ಳೇಗಾಲದ ಅಂಜನಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಕೇರಿಯವರೆಲ್ಲ ಆಡಿಕೊಳ್ಳುತ್ತಾರೆ. ಈ ಸಲ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ಕೂಗಾಡಿದಳು. ಕೂಗಾಡದೆ ಇನ್ನೇನು ಮಾಡಬೇಕಿತ್ತು?

ರೇಷ್ಮೆ ಮಗ್ಗದ ಮನೆಯಲ್ಲಿ ಹುಟ್ಟಿ, ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಡಾಕ್ಟರೇಟಿಗೆ ಏಳು ವರ್ಷ ಜೀವ ತೇಯ್ದವಳು. ಈಗ ಕ್ವಾಂಟಮ್ ಕಂಪ್ಯೂಟರ್ ಕಟ್ಟಲು ಹೊರಟ ಪ್ರಯೋಗಾಲಯದಲ್ಲಿ ವಿಜ್ಞಾನಿ. ಒಂದೇ ಒಂದು ಎಲೆಕ್ಟ್ರಾನನ್ನು ಹಿಡಿದಿಡುವ ಸಿಲಿಕಾನ್ ಚಿಪ್ಪಿಗೆ ಕೂದಲಿಗಿಂತ ಸಣ್ಣ ತಂತಿ ಬೆಸೆಯಬೇಕು. ಕೈ ಅಲುಗಿದರೆ ಚಿಪ್ ಕೆಟ್ಟಂತೆ. ಅವಳ ಕೈ ಅಲುಗುತ್ತಿರಲಿಲ್ಲ. ಹತ್ತನೇ ವಯಸ್ಸಿಗೇ ಅವ್ವನ ಪಕ್ಕ ಕೂತು, ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದ ಉದ್ದಕ್ಕೆ ಹಾಯುವ ಎಳೆಗಳ ಹಾಸು ಮುಗಿದಾಗ ಅದರ ತುದಿಗೆ ಹೊಸ ಹಾಸಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ಹೊಸೆದ ಕೈ ಅದು.

ಅದೇ ಮನೆಯ ಇನ್ನೊಂದು ಅಭ್ಯಾಸ ಅವಳನ್ನು ಮುಳುಗಿಸಿತು. ಎಳೆ ಹರಿದರೆ ಹೆಂಗಸರು ಸದ್ದಿಲ್ಲದೆ ಸೇರಿಸಿ ಎದ್ದುಹೋಗುತ್ತಾರೆ, ಯಾರೂ ಹೇಳಿಕೊಳ್ಳುವುದಿಲ್ಲ. ಅಂಜನಾ ಕೂಡ ಮೂರು ವರ್ಷ ಎಲ್ಲರ ಚಿಪ್ಪುಗಳಿಗೂ ತಂತಿ ಬೆಸೆದಳು. ಯಾರು ಏನು ಮಾಡಿದರೆಂದು ದಾಖಲಿಸುವ ಲಾಗ್ ಪುಸ್ತಕದಲ್ಲಿ ಒಂದು ಸಾಲೂ ಬರೆಯಲಿಲ್ಲ. ಪ್ರಯೋಗ ಗೆದ್ದಿತು. ಅದರ ಸಂಶೋಧನಾ ಪ್ರಬಂಧದಲ್ಲಿ ಒಂಬತ್ತು ಹೆಸರು, ಅವಳದಿಲ್ಲ. "ಲಾಗ್‌ನಲ್ಲಿ ನೀವೆಲ್ಲಿದ್ದೀರಿ?" ಎಂದರಂತೆ ಪ್ರಯೋಗಾಲಯದ ಮುಖ್ಯಸ್ಥರು. ಅವಳು ಬೆಸೆಯುವುದನ್ನು ದಿನಾ ಕಣ್ಣಾರೆ ಕಂಡ ಮನುಷ್ಯ! ಸಾಲದ್ದಕ್ಕೆ, ಸೋಮವಾರದ ಕೊನೆಯ ಚಿಪ್ಪಿಗೂ ಅವಳೇ ತಂತಿ ಬೆಸೆಯಬೇಕಂತೆ. ಅದನ್ನು ಅಳೆದ ಮೇಲೇ ಪ್ರಬಂಧ ಪ್ರಕಟಣೆಗೆ ಹೋಗುವುದು.

ಒಳಗೆ ಅಪ್ಪ ಕುಮಾರಸ್ವಾಮಿ ವ್ಯಾಪಾರಿಯ ಮುಂದೆ ಹೊಸ ಸೀರೆ ಬಿಡಿಸುತ್ತಿದ್ದ.

"ಯಾರ ಕೈಕೆಲ್ಸ ಇದು?" ಎಂದ ವ್ಯಾಪಾರಿ.

"ನಂದೇ ಕಣ್ರಿ. ಒಬ್ನೇ ನೇಯ್ದಿವ್ನಿ."

ಅಂಜನಾಳ ಮೈಯೆಲ್ಲ ಉರಿಯಿತು. "ಒಬ್ನೇನಾ? ಆಸು ಸೇರ್ಸಿದ್ದು ಯಾರಪ್ಪ? ಅವ್ವ ಮೂರು ದಿನ ಬೆನ್ನು ಬಗ್ಸಿ ಕೂತಿರ್ನಿಲ್ವಾ?"

ಅಪ್ಪ ದುರುಗುಟ್ಟಿದ. "ನಿಮ್ಮವ್ವನೇ ಒಂದಿನಾನೂ ಏಳ್ಕಂಡಿಲ್ಲ, ನಿಂಗೇನವ್ವ?"

ಮುಖ್ಯಸ್ಥರ ಮಾತೇ ಅಪ್ಪನ ಬಾಯಲ್ಲಿ!

ಮೂಲೆಯಲ್ಲಿದ್ದ ಅವ್ವ ಶಿವನಂಜಮ್ಮ ಎದ್ದಳು. ನಲವತ್ತು ವರ್ಷ ಗಟ್ಟಿಯಾಗಿ ಮಾತಾಡದವಳು ಬೂದಿ ಬಟ್ಟಲನ್ನು ತಂದು ಗಂಡನ ಮುಂದೆ ಕುಕ್ಕಿದಳು.

"ಒಬ್ನೇ ನೇಯ್ದಿವ್ನಿ ಅಂದ್ರಲ್ಲ, ಮುಂದ್ಲ ಆಸು ನೀವೊಬ್ರೇ ಸೇರ್ಸ್ಕಳಿ. ನಾ ಏಳ್ದೆ ಸುಮ್ನಿದ್ದಿದ್ಕೇ ಈ ಮಗೀಗೂ ಅದೇ ಬುದ್ಧಿ ಬಂದದೆ."

ಅಂಜನಾ ಚಪ್ಪಲಿ ಬಿಟ್ಟು, ಮಗ್ಗದ ಪಕ್ಕ ಕೂತು ಫೋನ್ ತೆಗೆದಳು. ಮುಖ್ಯಸ್ಥರಿಗೂ ಒಂಬತ್ತು ಹೆಸರಿನವರಿಗೂ ಒಂದೇ ಸಾಲು ಬರೆದಳು: ಸೋಮವಾರದ ಚಿಪ್ಪಿಗೆ ತಂತಿ ನೀವೇ ಬೆಸೆದುಕೊಳ್ಳಿ.