ಮೋಂಘಿಬೆನ್ ಕಾದ ಭಾನುವಾರ

"ಸಮುದ್ರ ಬತ್ತಿಹೋದರೂ ಚಿಂತೆಯಿಲ್ಲ, ಮೋಂಘಿಬೆನ್ ಕೊಡದಲ್ಲಿ ನೀರು ಹೊತ್ತು ತುಂಬಿಸಿ, ಭಾನುವಾರ ನಮ್ಮನ್ನೆಲ್ಲ ಅದರ ದಡದಲ್ಲಿ ಕೂರಿಸಿಯೇ ತೀರುತ್ತಾಳೆ" ಎಂದು ಟಾಂಗಾ ಎಂಬ ರೇವುಪಟ್ಟಣದ ನಮ್ಮ ಮಾರ್ಕೆಟ್ ಬೀದಿಯವರು ಹೇಳುತ್ತಿದ್ದರು. ಇನ್ನೊಂದು ಮಾತೂ ಇತ್ತು. ಅದನ್ನು ಆಕೆಯ ಎದುರು ಹೇಳುತ್ತಿರಲಿಲ್ಲ. "ಪ್ರಾಗ್ಜಿಭಾಯಿಯ ಮನೆಗೆ ಗೋಡೆ ನಾಲ್ಕಿರಬಹುದು, ಕಂಬ ಮಾತ್ರ ಒಂದೇ."

ಆ ಕಂಬವೇ ಮೋಂಘಿಬೆನ್, ಪ್ರಾಗ್ಜಿಯ ಅಕ್ಕ. ಜಾಮ್‌ನಗರದಿಂದ ಹಡಗು ಹತ್ತಿ ಮದುವೆಗೆಂದು ಬಂದವಳು. ಗಂಡ ಕತ್ತಾಳೆ ತೋಟದಲ್ಲಿ ಗುಮಾಸ್ತ. ಮದುವೆಯಾದ ವರ್ಷವೇ ಜ್ವರ ಬಂದು ತೀರಿಕೊಂಡ. ಅಂದಿನಿಂದ ಆಕೆಗೆ ತಮ್ಮನ ಮನೆಯೇ ಮನೆ. ಅವನ ಕಾಂಗಾ ಬಟ್ಟೆಯ ಅಂಗಡಿಯ ಬಾಗಿಲು ತೆಗೆಯುವವಳೂ ಆಕೆಯೇ, ಅವನ ಮಗಳು ಹಂಸಾಳ ಜಡೆ ಹೆಣೆಯುವವಳೂ ಆಕೆಯೇ. ಹಂಸಾ ಆಕೆಯನ್ನು 'ಫೈಬಾ' ಎನ್ನುತ್ತಿದ್ದಳು, ಎಂದರೆ ಸೋದರತ್ತೆ. ಹೆತ್ತ ತಾಯಿ ರಂಭಾ ಕರೆದರೆ ಓಡದ ಹುಡುಗಿ, ಫೈಬಾ ಕೆಮ್ಮಿದರೆ ಸಾಕು, ಬಂದು ಮಡಿಲಲ್ಲಿ ಕೂರುತ್ತಿದ್ದಳು. ಮೋಂಘಿಬೆನ್‌ಗೆ ಜಗತ್ತಿನಲ್ಲಿ ಬೇಕಾಗಿದ್ದುದು ಆ ಮಡಿಲಿನ ಭಾರ ಒಂದೇ.

ಭಾನುವಾರ ಬಂತೆಂದರೆ ಆಕೆ ಸೇನಾಪತಿ. ಮರಗೆಣಸು ಸುಟ್ಟು, ಖಾರದಪುಡಿ ಬೆರೆಸಿಟ್ಟು, ನಿಂಬೆಹಣ್ಣು ಹೆಚ್ಚಿ, ನಾಲ್ಕು ಮನೆಯವರನ್ನು ಎಬ್ಬಿಸಿ ಹೊರಡಿಸುತ್ತಿದ್ದಳು. ನಮ್ಮ ಬಾಪುಜಿಯ, ಎಂದರೆ ಅಪ್ಪನ, ಹಳೆಯ ವ್ಯಾನು, ಪ್ರಾಗ್ಜಿಯ ಪೆಜೊ ಕಾರು, ಇವೇ ವಾಹನ. ಒಮ್ಮೆ ಪ್ರಾಗ್ಜಿ ದರ್ಪ ತೋರಿಸಲು ಕಾರನ್ನು ಸೀದಾ ಮರಳಿಗೇ ಇಳಿಸಿದ. ಎಲ್ಲರೂ ಬಜ್ಜಿ ತಿನ್ನುತ್ತಿರುವಾಗ ಸಮುದ್ರದ ಉಬ್ಬರ ಏರಿ ಚಕ್ರ ಮುಳುಗಿತು. ಬಲೆ ಒಣಗಿಸುತ್ತಿದ್ದ ಬೆಸ್ತರು ಸೊಂಟದ ಮೇಲೆ ಕೈಯಿಟ್ಟು ನಿಂತು ನಕ್ಕರು.

"ಮಾಮಾ, ಇದು ಕಾರೋ, ದೋಣಿಯೋ?" ಎಂದು ಆಕೆಯನ್ನು ಕೇಳಿದರು. ಅವರ ಮಾತಿನಲ್ಲಿ 'ಮಾಮಾ' ಎಂದರೆ ಅಮ್ಮ.

"ಈಗ ಕಾರು. ನೀವು ಹೀಗೇ ಹಲ್ಲು ಕಿರೀತಾ ನಿಂತ್ರೆ ಇನ್ನೊಂದು ಗಳಿಗೇಲಿ ದೋಣಿ. ತಳ್ರೋ!"

ಸೀರೆ ಎತ್ತಿ ಕಟ್ಟಿ ಆಕೆಯೂ ತಳ್ಳಿದಳು. ಕಾರು ಮೇಲೆ ಬಂದಮೇಲೆ ಬೆಸ್ತರಿಗೆ ಮೆಣಸಿನಕಾಯಿ ಬಜ್ಜಿಯ ಡಬ್ಬಿಯನ್ನೇ ಕೊಟ್ಟಳು. ಅವರು ಕಣ್ಣಲ್ಲಿ ನೀರು ಸುರಿಸುತ್ತಾ ತಿಂದು, ಮುಂದಿನ ವಾರವೂ ಕಾರನ್ನು ಮುಳುಗಿಸಿ ಎಂದರು.

ದಡದಿಂದ ಹೊರಡುವ ಮುಂಚೆ ಆಕೆ ತಲೆ ಎಣಿಸಬೇಕು. ಎಣಿಸದೆ ಯಾವ ಗಾಡಿಯೂ ಅಲುಗುವಂತಿಲ್ಲ. ಬಾಪುಜಿ ರೇಗಿಸುತ್ತಿದ್ದರು: "ಮೋಂಘಿಬೆನ್, ಕುರಿಗಳನ್ನಾದ್ರೂ ಇಷ್ಟು ಜೋಪಾನ ಮಾಡಲ್ಲ ಯಾರೂ."

"ಕುರಿ ತಪ್ಪಿಸ್ಕೊಂಡ್ರೆ ಬ್ಯಾ ಅನ್ನತ್ತೆ. ನೀವು ತಪ್ಪಿಸ್ಕೊಂಡ್ರೆ ಅದೂ ಬರಲ್ಲ" ಎನ್ನುತ್ತಿದ್ದಳು.

ಇನ್ನು ಪೌರತ್ವದ ಕಥೆ. ಬಿಳಿಯರ ಬಾವುಟ ಇಳಿದು ಹೊಸ ಬಾವುಟ ಏರಿದಾಗ, ನಮ್ಮವರು ಯಾವ ದೇಶದವರೆಂದು ಆರಿಸಿಕೊಳ್ಳಬೇಕಾಯಿತು. ಪ್ರತಿ ಮನೆಯಲ್ಲೂ ಗಂಡಸರು ಚಹಾ ಕುಡಿಯುತ್ತಾ ಮನೆಯವರನ್ನು ಹಂಚಿದರು: ಇಬ್ಬರು ಈ ದೇಶಕ್ಕೆ, ಮೂವರು ಬ್ರಿಟಿಷರಿಗೆ. ಗಾಳಿ ಯಾವ ಕಡೆ ಬೀಸಿದರೂ ಒಂದು ಹಾಯಿ ಇರಲಿ ಎಂಬ ಲೆಕ್ಕ. ಪ್ರಾಗ್ಜಿ ತನಗೂ ಹೆಂಡತಿ ಮಗಳಿಗೂ ಬ್ರಿಟಿಷ್ ಪಾಸ್‌ಪೋರ್ಟನ್ನೇ ಉಳಿಸಿಕೊಂಡು, ಅಕ್ಕನ ಹತ್ತಿರ ಬಂದು ಕೂತ.

"ಬೆನ್, ಅಂಗಡಿ ಲೈಸೆನ್ಸು ಇಲ್ಲಿಯವರ ಹೆಸರಲ್ಲಿದ್ರೆ ಯಾರೂ ಮುಟ್ಟಲ್ಲ. ನೀನು ಇಲ್ಲಿಯವಳಾಗ್ಬಿಡು."

"ನಾಳೆ ನೀವೆಲ್ಲ ಎಲ್ಲಾದ್ರೂ ಹೋಗೋ ಹಾಗಾದ್ರೆ?"

"ನಿನ್ನ ಬಿಟ್ಟು ಎಲ್ಲಿಗೆ ಹೋಗ್ತೀವಿ? ನೀನಿಲ್ದೆ ಹಂಸಾ ಉಣ್ತಾಳಾ? ಹೋದ್ರೆ ಎಲ್ರೂ ಜೊತೆಗೇ."

ಆಕೆ ಕಚೇರಿಗೆ ಹೋಗಿ ಕೈ ಎತ್ತಿ ಪ್ರಮಾಣ ಮಾಡಿ ಬಂದಳು. ಅಂಗಡಿಯ ಆಳು ಅಥುಮಾನಿ, "ಇನ್ನು ನೀನೂ ನಮ್ಮ ಮ್ವಾನಂಚಿ, ಈ ಮಣ್ಣಿನವಳು" ಎಂದು ಆಕೆಯ ಕೈ ಕುಲುಕಿದ. ಮೋಂಘಿಬೆನ್ ಬೀದಿಗೆಲ್ಲ ಪೇಡಾ ಹಂಚಿದಳು.

ಕೆಲವು ವರ್ಷ ಕಳೆದವು. ಸರ್ಕಾರ ಬಾಡಿಗೆ ಕಟ್ಟಡಗಳನ್ನು ವಶಮಾಡಿಕೊಂಡ ಮೇಲೆ ನಮ್ಮ ಬೀದಿ ತೆರವಾಗತೊಡಗಿತು. ಹೋಗುವವರು ಹೇಳಿ ಹೋಗುತ್ತಿರಲಿಲ್ಲ. ದುಡ್ಡು, ಒಡವೆ ದೇಶದಾಚೆ ಒಯ್ಯಲು ಸರ್ಕಾರ ಬಿಡುತ್ತಿರಲಿಲ್ಲ; ಹೇಳಿದರೆ ಯಾರಾದರೂ ಸುದ್ದಿ ಮುಟ್ಟಿಸಿಯಾರೆಂಬ ಭಯ. ಹಾಲಿನವನು ಬಾಗಿಲಿಗೆ ಬಂದು ಬೀಗ ಕಂಡಾಗಲೇ ಸುದ್ದಿ. ಅಂಥ ಪ್ರತಿ ಬೀಗಕ್ಕೂ ಮೋಂಘಿಬೆನ್ ಬೈಯುತ್ತಿದ್ದಳು: "ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ ಇವ್ರಿಗೆ?" ಪ್ರಾಗ್ಜಿ ತಲೆತಗ್ಗಿಸಿ ಬಟ್ಟೆ ಮಡಿಸುತ್ತಿದ್ದ.

ಆಮೇಲೊಮ್ಮೆ ಪ್ರಾಗ್ಜಿಯೇ ಪಂಗಾನಿಗೆ ಹೋಗೋಣ ಎಂದ. ಅದು ದಕ್ಷಿಣಕ್ಕೆ ದೂರದ ಕಡಲತಡಿ, ಕೆಂಪು ಧೂಳಿನ ದಾರಿ. ಮೋಂಘಿಬೆನ್ ಹಿಗ್ಗಿದಳು. ಯಾವಾಗಲೂ ತಾನೇ ಎಬ್ಬಿಸಬೇಕಿದ್ದ ತಮ್ಮ ಈ ಸಲ ತಾನೇ ಎದ್ದಿದ್ದಾನೆ! ರಂಭಾ ಅಡುಗೆಮನೆಗೆ ಬಂದು, "ಬೆನ್, ಥೇಪ್ಲಾ ಜಾಸ್ತಿನೇ ಮಾಡಿ. ಸುಖಡಿನೂ ಇರ್ಲಿ" ಎಂದಳು. ಥೇಪ್ಲಾ ಎಂದರೆ ಮೆಂತ್ಯಸೊಪ್ಪಿನ ರೊಟ್ಟಿ, ದಿನಗಟ್ಟಲೆ ಕೆಡುವುದಿಲ್ಲ. ಬೆಲ್ಲದ ಸುಖಡಿಯೂ ಹಾಗೆಯೇ.

"ಇಷ್ಟೊಂದಾ? ನಾವು ಹೋಗ್ತಿರೋದು ಪಿಕ್ನಿಕ್ಕಿಗಾ, ದಂಡಯಾತ್ರೆಗಾ?"

"ಮಕ್ಕಳು ತಿಂತಾವೆ ಬಿಡಿ" ಎಂದು ರಂಭಾ ಅತ್ತ ತಿರುಗಿ ಪಾತ್ರೆ ತೊಳೆದಳು. ಆಗಲೇ ತೊಳೆದಿದ್ದ ಪಾತ್ರೆ.

ಭಾನುವಾರ ಬೆಳಿಗ್ಗೆ ಬುತ್ತಿ ಎರಡು ಪಾಲಾಯಿತು, ಅರ್ಧ ನಮ್ಮ ವ್ಯಾನಿಗೆ, ಅರ್ಧ ಅವರ ಕಾರಿಗೆ. ಪ್ರಾಗ್ಜಿ ಹೇಳಿದ: "ಬೆನ್, ನೀನು ಇವರ ಜೊತೆ ಮುಂದೆ ಹೋಗಿ ನೆರಳಿರೋ ಜಾಗ ಹಿಡಿ. ಟೈರಿಗೆ ಗಾಳಿ ಹಾಕಿಸ್ಕೊಂಡು ಹಿಂದೇನೇ ಬಂದೆ."

"ನಾನೂ ಫೈಬಾ ಜೊತೆ!" ಎಂದು ಹಂಸಾ ವ್ಯಾನಿನ ಮೆಟ್ಟಿಲಿಗೆ ಕಾಲಿಟ್ಟಳು. ರಂಭಾ ಅವಳ ರಟ್ಟೆ ಹಿಡಿದು ಎಳೆದಳು. ಹುಡುಗಿ ಅತ್ತಳು. "ಅಳಬೇಡ ಕಣೇ, ನಿನಗೆ ಅಂತ ಶಂಖ ಹುಡುಕಿಟ್ಟಿರ್ತೀನಿ" ಎಂದು ಫೈಬಾ ಕಿಟಕಿಯಿಂದ ಕೂಗಿದಳು.

ಪಂಗಾನಿಯಲ್ಲಿ ಒಳ್ಳೆಯ ನೆರಳು ಸಿಕ್ಕಿತು. ಚಾಪೆ ಹಾಸಿದೆವು. "ಅವರು ಬರೋವರೆಗೂ ಡಬ್ಬಿ ಮುಟ್ಟೋ ಹಾಗಿಲ್ಲ" ಎಂದಳು ಮೋಂಘಿಬೆನ್. ಸೂರ್ಯ ನೆತ್ತಿಗೆ ಬಂದ. ನಾವು ಮಕ್ಕಳು ಹಸಿವಿಗೆ ಕುಂಯ್‌ಗುಟ್ಟಿದ ಮೇಲೆ ನಮಗಷ್ಟೇ ಬಡಿಸಿದಳು. ತಾನು ರಸ್ತೆಯ ಕಡೆಗೇ ಮುಖ ಮಾಡಿ ಕೂತಳು. ಸಮುದ್ರಕ್ಕೆ ಬೆನ್ನು ಹಾಕಿ ಆಕೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಳನೀರಿನವನು, "ಮಾಮಾ, ಸಮುದ್ರ ಈ ಕಡೆ ಇದೆ" ಎಂದ. ಆಕೆ ನಗಲಿಲ್ಲ.

ನೆರಳು ಉದ್ದವಾದಾಗ ಬಾಪುಜಿ ಎದ್ದರು. "ಹೊರಡೋಣ ಬೆನ್."

"ಹೇಗೆ ಹೊರಡೋದು? ತಲೆ ಎಣಿಸಿದ್ರೆ ಮೂರು ಕಮ್ಮಿ ಬರತ್ತೆ."

"ಟೈರ್ ಪಂಕ್ಚರ್ ಆಗಿರತ್ತೆ. ದಾರೀಲಿ ಸಿಗ್ತಾರೆ."

ದಾರಿಯುದ್ದಕ್ಕೂ ಆಕೆ ಕಿಟಕಿಯಾಚೆ ತಲೆ ಹಾಕಿ, ಕೆಟ್ಟುನಿಂತ ಪೆಜೊ ಕಾರಿಗಾಗಿ ಹುಡುಕಿದಳು. ಕಣ್ಣು, ಹುಬ್ಬು, ಕೂದಲೆಲ್ಲ ಕೆಂಪು ಧೂಳು. ಕಾರು ಸಿಗಲಿಲ್ಲ.

ಮನೆಗೆ ಬೀಗ ಹಾಕಿತ್ತು. ಮೋಂಘಿಬೆನ್ ತನ್ನ ಬಳಿಯ ಕೀಲಿಯಿಂದ ತೆಗೆದಳು. ಒಳಗೆ ಪಾತ್ರೆಗಳಿದ್ದವು, ಹಾಸಿಗೆಗಳಿದ್ದವು, ಹಂಸಾಳ ಶಾಲೆಯ ಚೀಲವೂ ಇತ್ತು. "ನೋಡಿ, ಎಲ್ಲಾ ಇದೆ. ಎಲ್ಲೋ ಸಿಕ್ಕಿಹಾಕ್ಕೊಂಡಿದಾರೆ ಅಷ್ಟೇ" ಎಂದರು ನನ್ನ ಬಾ, ಎಂದರೆ ಅಮ್ಮ. ಮೋಂಘಿಬೆನ್ ದೇವರ ಗೂಡಿನ ಪರದೆ ಸರಿಸಿದಳು. ಗೂಡು ಖಾಲಿ. ಬೆಣ್ಣೆ ಹಿಡಿದ ಪುಟ್ಟ ಹಿತ್ತಾಳೆಯ ಲಾಲ್‌ಜಿ ಇರಲಿಲ್ಲ. ಆಕೆ ದಿನಾ ಬೆಳಿಗ್ಗೆ ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ತೊಡಿಸುತ್ತಿದ್ದ ದೇವರು. ಮನೆ ಬಿಟ್ಟು ಹೋಗುವವರು ಮಾತ್ರ ಲಾಲ್‌ಜಿಯನ್ನು ಜೊತೆಗೆ ಒಯ್ಯುವುದು ನಮ್ಮಲ್ಲಿ ವಾಡಿಕೆ.

"ಪಿಕ್ನಿಕ್ಕಿಗೆ ಯಾರೂ ಲಾಲ್‌ಜೀನ ಕರ್ಕೊಂಡು ಹೋಗಲ್ಲ" ಎಂದಳು. ಆಮೇಲೆ, "ನಂಗೂ ಒಂದು ಮಾತು ಹೇಳ್ಲಿಲ್ಲ" ಎಂದಳು. ಅಷ್ಟೇ.

ಉಳಿದದ್ದು, ಗಡಿಯಲ್ಲಿ ಅವರ ಕಾರಿನ ಹಿಂದೆಯೇ ನಿಂತಿದ್ದ ಮಂಜುಗಡ್ಡೆ ಲಾರಿಯ ಡ್ರೈವರನಿಂದ ತಿಳಿಯಿತು. ನಾವು ದಕ್ಷಿಣಕ್ಕೆ ಹೋದಾಗ ಅವರು ಉತ್ತರಕ್ಕೆ ಹೋಗಿದ್ದರು, ಗಡಿಯಾಚೆಯ ಮೊಂಬಾಸಾ ದಾರಿಗೆ. ಗಡಿಯ ಕಾವಲುಗಾರ ಎಲ್ಲಿಗೆ ಎಂದು ಕೇಳಿದ್ದಕ್ಕೆ ಪಿಕ್ನಿಕ್ ಎಂದಿದ್ದರು. ಅವನು ಮೇಲಿನ ಬುಟ್ಟಿ ತೆಗೆಸಿ ನೋಡಿದರೆ ಥೇಪ್ಲಾದ ಘಮ. ಚಾಪೆಯ ಕೆಳಗಿನ ಪೆಟ್ಟಿಗೆಗಳನ್ನು ಅವನು ನೋಡಲಿಲ್ಲ. ಒಂದು ಸುಖಡಿ ಬಾಯಿಗೆ ಹಾಕಿಕೊಂಡು ಅಡ್ಡಗಂಬ ಎತ್ತಿದ.

ಮೋಂಘಿಬೆನ್ ಮರುದಿನ ಅಂಗಡಿ ತೆಗೆದಳು. ಅದು ಆಕೆಯ ಹೆಸರಲ್ಲೇ ಇತ್ತಲ್ಲ. ಆದರೆ ಭಾನುವಾರ ಯಾರನ್ನೂ ಎಬ್ಬಿಸಲಿಲ್ಲ. ನಾವು ಕರೆದರೆ, "ಮರಳು ಕಾಲಿಗೆ ಚುಚ್ಚತ್ತೆ" ಎಂದು ಒಳಗೆ ಹೋಗುತ್ತಿದ್ದಳು. ಗೂಡಿನ ಪರದೆಯನ್ನು ಒಗೆದು ಮತ್ತೆ ಕಟ್ಟುತ್ತಿದ್ದಳು. ಒಳಗೆ ಏನನ್ನೂ ಇಡಲಿಲ್ಲ.

ಎಷ್ಟೋ ಮಳೆಗಾಲಗಳ ನಂತರ ಒಂದು ಮಧ್ಯಾಹ್ನ ಪ್ರಾಗ್ಜಿ ಬ್ರಿಟಿಷರ ನಾಡಿನಿಂದ ಬಂದಿಳಿದ. ಆ ಸೆಖೆಯಲ್ಲಿ ಕೈಮೇಲೆ ಉಣ್ಣೆಯ ಕೋಟು. ಅಥುಮಾನಿ, "ಬ್ವಾನಾ, ಪಿಕ್ನಿಕ್ ಮುಗೀತಾ?" ಎಂದು ಕೇಳಿಯೇಬಿಟ್ಟ. ಬೀದಿಯೆಲ್ಲ ಕಿಸಕ್ಕನೆ ನಕ್ಕಿತು. ಮೋಂಘಿಬೆನ್ ನೀರು ಕೊಟ್ಟಳು. ನನ್ನ ಬಾ ಮತ್ತು ನಾನು ಅಲ್ಲೇ ಇದ್ದೆವು. ಏಳಲು ಹೋದರೆ ಆಕೆ, "ಕೂತ್ಕೊಳ್ಳಿ" ಎಂದಳು.

"ಅಲ್ಲಿ ರಂಭಾ ಫ್ಯಾಕ್ಟ್ರಿಗೆ ಹೋಗ್ತಾಳೆ ಬೆನ್. ಮನೇಲಿ ಯಾರೂ ಇಲ್ಲ. ನಿನ್ನ ಕರ್ಕೊಂಡು ಹೋಗೋಕೆ ಬಂದೆ. ಕಾಗದಪತ್ರ ಎಲ್ಲಾ ಮಾಡಿಸಿದೀನಿ."

"ಹೋ. ಅಡುಗೆಗೆ ಜನ ಬೇಕಾಗಿದಾರೆ."

"ಹಾಗಲ್ಲ ಬೆನ್... ಆಗ ನಿನಗೆ ಹೇಳಿದ್ರೆ ನೀನು ಅಳ್ತಿದ್ದೆ. ನಾಲ್ಕು ಜನಕ್ಕೆ ಗೊತ್ತಾಗ್ತಿತ್ತು. ನಾವು ಸಿಕ್ಕಿಬೀಳ್ತಿದ್ವಿ."

ಆಕೆ ಖಾಲಿ ಲೋಟ ಎತ್ತಿಕೊಂಡಳು. "ಕಾರಲ್ಲಿ ಹಂಸಾ ನನ್ನ ಕೇಳ್ಲಿಲ್ವಾ?"

ಪ್ರಾಗ್ಜಿ ಕೋಟಿನ ಗುಂಡಿ ತಿರುವಿದ. "ಕೇಳಿದ್ಲು. ಗಡಿವರೆಗೂ ಕೇಳಿದ್ಲು. ಫೈಬಾ ವ್ಯಾನಲ್ಲಿ ಹಿಂದೇನೇ ಬರ್ತಿದಾಳೆ ಅಂತ ಹೇಳಿದ್ವಿ."

"ಆಮೇಲೆ?"

"ಆಮೇಲೆ... ಅವಳು ಊಟ ಬಿಟ್ಟಾಗ, ಫೈಬಾಗೆ ಬರೋಕೆ ಇಷ್ಟ ಇರಲಿಲ್ಲ, ಸಮುದ್ರ ಬಿಟ್ಟು ಬರಲ್ಲ ಅಂದ್ಲು ಅಂತ ಹೇಳ್ಬೇಕಾಯ್ತು. ಈಗ ನಿನ್ನ ಹೆಸರೇ ಎತ್ತಲ್ಲ ಅವಳು."

ಮೋಂಘಿಬೆನ್ ಗೋಡೆಗೆ ಒರಗಿದಳು. ಅಷ್ಟು ವರ್ಷಗಳಲ್ಲಿ ಆಕೆಯ ಕಣ್ಣಲ್ಲಿ ನೀರು ಬಂದದ್ದು ಆಗಲೇ. "ನನ್ನ ಬಿಟ್ಟು ಹೋದ್ರಿ, ಹೋಗ್ಲಿ. ಆ ಮಗೂನ ನಾನೇ ಬಿಟ್ಟೆ ಅಂತ ಮಾಡಿದ್ರಲ್ಲೋ" ಎಂದಳು.

ಹೊರಡುವ ದಿನ ಅಂಗಡಿಯನ್ನು ಅಥುಮಾನಿಗೆ ವಹಿಸಿದಳು. ಬಾ ಬಾಗಿಲಲ್ಲಿ ಆಕೆಯ ಕೈ ಹಿಡಿದು ಮೆಲ್ಲಗೆ ಕೇಳಿದರು: "ಕ್ಷಮಿಸಿಬಿಟ್ರಾ ಬೆನ್?"

"ಇಲ್ಲ."

"ಮತ್ತೆ ಯಾಕೆ ಹೊರಟ್ರಿ?"

"ಹಂಸಾ ನನ್ನ ಮುಖ ನೋಡಿದ್ರೂ ಸರಿ, ನೋಡ್ದಿದ್ರೂ ಸರಿ. ಪಂಗಾನಿ ದಡದಲ್ಲಿ ಸಂಜೆವರೆಗೂ ಅವಳಿಗೆ ಕಾದಿದ್ದೆ ಅಂತ ನನ್ನ ಬಾಯಿಂದಾನೇ ಹೇಳ್ಬೇಕು. ಅದೊಂದು ಹೇಳೋಕೆ ಹೋಗ್ತಿದೀನಿ. ಇವರ ಮನೆ ರೊಟ್ಟಿ ಲಟ್ಟಿಸೋಕಲ್ಲ."

ಪ್ರಾಗ್ಜಿ ಆಕೆಯ ಗಂಟಿಗೆ ಕೈ ಚಾಚಿದ. ಆಕೆ ಕೊಡಲಿಲ್ಲ. ಹೊಸ್ತಿಲು ದಾಟಿ, ಸೆರಗು ಸರಿಮಾಡಿಕೊಂಡು, ತಮ್ಮ ತೆರೆದು ಹಿಡಿದಿದ್ದ ಟ್ಯಾಕ್ಸಿಯ ಹಿಂದಿನ ಬಾಗಿಲನ್ನು ಹಾದುಹೋಗಿ ಮುಂದೆ, ಡ್ರೈವರನ ಪಕ್ಕದಲ್ಲಿ ಕೂತಳು.

"ನಡಿಯಪ್ಪ" ಎಂದಳು ಅವನಿಗೆ. ಪ್ರಾಗ್ಜಿಯ ಒಂದು ಕಾಲು ಇನ್ನೂ ಬೀದಿಯಲ್ಲೇ ಇತ್ತು.